ಲೆಕ್ಕ ಚುಕ್ತಾ ಆಗಿಲ್ಲ

2011ರ ಮೇ 2, ಸೋಮವಾರ. ಬೆಳಿಗ್ಗೆ ಒಂಬತ್ತು ದಾಟಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಡ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆ. ಗೋಡೆಯ ಮೇಲಿನ ಟಿವಿಯಲ್ಲಿ ಬರಾಕ್ ಒಬಾಮ ಮಾತಾಡುತ್ತಿದ್ದರು. ಕೆಳಗಿನ ಕೆಂಪು ಪಟ್ಟಿಯಲ್ಲಿ ಕನ್ನಡದ ಅಕ್ಷರಗಳು ಓಡುತ್ತಿದ್ದವು: ಒಸಾಮ ಬಿನ್ ಲಾಡೆನ್ ಹತ್ಯೆ. ಗಲ್ಲಾದ ಮೇಲಿದ್ದ ಯಜಮಾನರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ, ‘ಮುಗೀತು ಬಿಡ್ರಿ, ಲೆಕ್ಕ ಚುಕ್ತಾ’ ಅಂದರು. ಸುತ್ತ ಕೂತವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ. ಅವತ್ತು ತಲೆಯಾಡಿಸಿದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅದಕ್ಕೇ ಈ ಬರಹ.

ಮೊದಲೇ ಹೇಳಿಬಿಡುತ್ತೇನೆ, ಲಾಡೆನ್‌ಗಾಗಿ ನನ್ನ ಕಣ್ಣಲ್ಲಿ ಒಂದು ಹನಿಯೂ ಇಲ್ಲ. 2001ರ ಸೆಪ್ಟೆಂಬರ್ 11ರಂದು 2,977 ಜನರನ್ನು ಕೊಲ್ಲಿಸಿದವನು ಅವನು. ಅದಕ್ಕೂ ಮೂರು ವರ್ಷ ಮೊದಲು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನ ಅಮೆರಿಕನ್ ರಾಯಭಾರ ಕಚೇರಿಗಳ ಮುಂದೆ ಅವನ ಜನ ಇಟ್ಟ ಲಾರಿ ಬಾಂಬುಗಳಿಗೆ 224 ಮಂದಿ ಬಲಿಯಾದರು. ಅವರಲ್ಲಿ ಬಹುಪಾಲು ಆಫ್ರಿಕನ್ನರು: ಗುಮಾಸ್ತರು, ದಾರಿಹೋಕರು, ಬಸ್ಸಿನಲ್ಲಿ ಕೂತಿದ್ದವರು. ಕೋಟ್ಯಧೀಶನ ಮಗನೊಬ್ಬ ದೇವರ ಹೆಸರು ಹೇಳಿಕೊಂಡು ಬಡವರ ರಕ್ತ ಹರಿಸಿದ. ಅವನ ವಕಾಲತ್ತು ನನಗೆ ಬೇಡ. ‘ಮುಗೀತು’ ಅನ್ನುವ ಆ ಒಂದು ಮಾತಿನ ಮೇಲೆ ನನ್ನ ಸಿಟ್ಟು.

ಮುಗಿದಿಲ್ಲ ಎಂದು ಕೊಂದವರಿಗೇ ಗೊತ್ತಿತ್ತು. ಅದೇ ಭಾಷಣದಲ್ಲಿ ಒಬಾಮ, ಈ ಸಾವಿನಿಂದ ನಮ್ಮ ಹೋರಾಟ ಕೊನೆಯಾಗುವುದಿಲ್ಲ ಎಂದೂ ಹೇಳಿದ್ದರು. ಆ ವಾಕ್ಯ ಯಾರ ಕಿವಿಗೂ ಬೀಳಲಿಲ್ಲ. ಶ್ವೇತಭವನದ ಗೇಟಿನ ಮುಂದೆ ಮಧ್ಯರಾತ್ರಿಯಲ್ಲಿ ಬಾವುಟ ಹಿಡಿದು ಕುಣಿಯುತ್ತಿದ್ದ ಹುಡುಗರನ್ನು ನಮ್ಮ ಚಾನೆಲ್‌ಗಳು ದಿನವಿಡೀ ತೋರಿಸಿದವು. ಹನ್ನೊಂದೇ ದಿನ. ಮೇ 13ರ ಬೆಳಗಿನ ಜಾವ ಪಾಕಿಸ್ತಾನದ ವಾಯವ್ಯದ ಶಬ್‌ಕದರ್‌ನಲ್ಲಿ ಫ್ರಾಂಟಿಯರ್ ಕಾನ್‌ಸ್ಟಾಬ್ಯುಲರಿಯ ತರಬೇತಿ ಕೇಂದ್ರದ ಎದುರು ಎರಡು ಆತ್ಮಾಹುತಿ ಸ್ಫೋಟಗಳಾದವು. ಸತ್ತವರು ಎಂಬತ್ತಕ್ಕೂ ಹೆಚ್ಚು. ಬಹುತೇಕ ಎಲ್ಲರೂ ತರಬೇತಿ ಮುಗಿಸಿ, ರಜೆ ಸಿಕ್ಕಿ, ಬ್ಯಾಗು ಹೆಗಲಿಗೇರಿಸಿ ಮನೆಗೆ ಹೋಗಲು ವ್ಯಾನು ಹತ್ತುತ್ತಿದ್ದ ಎಳೆಯ ಹುಡುಗರು. ಇದು ಲಾಡೆನ್ ಸಾವಿಗೆ ಸೇಡು ಎಂದು ಪಾಕಿಸ್ತಾನದ ತಾಲಿಬಾನ್ ಹೇಳಿಕೊಂಡಿತು. ಸಂಬಳಕ್ಕಾಗಿ ಖಾಕಿ ತೊಟ್ಟ ಆ ಪಶ್ತೂನ್ ಹುಡುಗರು ಲಾಡೆನ್ ಅಡಗಿದ್ದ ಅಬೋಟಾಬಾದಿಗೆ ಹೆಲಿಕಾಪ್ಟರ್ ಕಳಿಸಿದ್ದರೇ? ಲಾಡೆನ್‌ನನ್ನು ಆರು ವರ್ಷ ಬಚ್ಚಿಟ್ಟವರು ಅವರೇ? ಚುಕ್ತಾ ಆಯಿತೆಂದು ನಾವು ತಲೆಯಾಡಿಸಿದ ಲೆಕ್ಕಕ್ಕೆ ಅವರ ಜೀವ ಜಮೆಯಾಯಿತು. ಆ ಹುಡುಗರಿಗಾಗಿ ಯಾವ ರಾಜಧಾನಿಯಲ್ಲೂ ಯಾರೂ ಮೇಣದ ಬತ್ತಿ ಹಚ್ಚಿದ್ದನ್ನು ನಾನು ಕಾಣಲಿಲ್ಲ.

ಈಗ ನಿಮಗೆ ಒಂದು ಡಬ್ಬಿಯ ಕಥೆ ಹೇಳಬೇಕು. ಪಲ್ಸ್ ಪೋಲಿಯೊ ದಿನಗಳಲ್ಲಿ ನಮ್ಮ ಕೇರಿಗೆ ಬರುವ ಆಶಾ ಅಕ್ಕನ ಹೆಗಲಲ್ಲಿ ತೂಗುತ್ತದಲ್ಲ, ಒಳಗೆ ಐಸ್ ಪ್ಯಾಕು, ನಡುವೆ ಪುಟ್ಟ ಶೀಷೆ, ಅದೇ ಲಸಿಕೆ ಡಬ್ಬಿ. ಮಗುವಿನ ಗಲ್ಲ ಹಿಡಿದು ಎರಡು ಹನಿ ಹಾಕುತ್ತಾಳೆ. ಕಿರುಬೆರಳಿಗೆ ಮಾರ್ಕರಿನಿಂದ ಕಪ್ಪು ಗುರುತು ಎಳೆಯುತ್ತಾಳೆ. ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಏನೋ ಅಂಕಿ ಬರೆದು ಮುಂದಿನ ಮನೆಗೆ ಹೋಗುತ್ತಾಳೆ. ಅವಳು ಒಳಗೆ ಬಂದರೆ ನಾವು ಗುರುತಿನ ಚೀಟಿ ಕೇಳುವುದಿಲ್ಲ. ಮಗುವನ್ನೇ ಅವಳ ಕೈಗೆ ಕೊಡುತ್ತೇವೆ. ಒಂದು ಬಡ ದೇಶದಲ್ಲಿ ಹೀಗೆ ಬಾಗಿಲು ತೆರೆಸಿಕೊಳ್ಳುವ ನಂಬಿಕೆ ಹುಟ್ಟಬೇಕಾದರೆ ಎಷ್ಟು ತಲೆಮಾರುಗಳ ಬೆವರು ಬೇಕು, ಯೋಚಿಸಿ.

ಅಬೋಟಾಬಾದಿನಲ್ಲಿ ಸಿಐಎ ಆ ಡಬ್ಬಿಯೊಳಗೆ ಬೇಹುಗಾರಿಕೆಯನ್ನು ತುಂಬಿತು. ಎತ್ತರದ ಗೋಡೆಯ, ಫೋನಿಲ್ಲದ, ಕಸವನ್ನೂ ಹೊರಗೆ ಹಾಕದೆ ಒಳಗೇ ಸುಡುತ್ತಿದ್ದ ಆ ಮನೆಯಲ್ಲಿ ಇರುವ ಮಕ್ಕಳು ಲಾಡೆನ್ ಸಂತಾನವೇ ಎಂದು ತಿಳಿಯಬೇಕಿತ್ತು. ಅದಕ್ಕೆ ಡಿಎನ್‌ಎ ಬೇಕಿತ್ತು. ಡಾ. ಶಕೀಲ್ ಅಫ್ರೀದಿ ಎಂಬ ಪಾಕಿಸ್ತಾನಿ ವೈದ್ಯನನ್ನು ಹಿಡಿದು ಹೆಪಟೈಟಿಸ್ ಬಿ ಲಸಿಕೆಯ ಅಭಿಯಾನದ ನಾಟಕ ಹೂಡಿದರು. ಅನುಮಾನ ಬರಬಾರದೆಂದು ಮೊದಲು ಊರಿನ ಬಡವರ ಬಡಾವಣೆಯಲ್ಲಿ ಲಸಿಕೆ ಹಾಕಲು ಶುರುಮಾಡಿದರು. ಹೆಪಟೈಟಿಸ್ ಬಿ ಲಸಿಕೆಯನ್ನು ಒಂದು ಸಲ ಹಾಕಿದರೆ ಸಾಲದು, ತಿಂಗಳು ಬಿಟ್ಟು ಎರಡನೆಯದು, ಆಮೇಲೆ ಮೂರನೆಯದು ಹಾಕಬೇಕು. ಎರಡನೆಯ ಡೋಸಿನ ಹೊತ್ತಿಗೆ ಅಭಿಯಾನ ಆ ಬಡವರ ಕೇರಿಯನ್ನು ಕೈಬಿಟ್ಟು ಲಾಡೆನ್ ಮನೆಯಿದ್ದ ಬಿಲಾಲ್ ಟೌನ್‌ಗೆ ಸಾಗಿತ್ತು. ಕೇರಿಯ ಮಕ್ಕಳ ತೋಳಿಗೆ ಚುಚ್ಚಿದ ಆ ಮೊದಲ ಸೂಜಿ ಯಾರ ಆರೋಗ್ಯಕ್ಕಾಗಿ? ಆ ಮಕ್ಕಳ ಮೈಯನ್ನು ಮುಸುಕಾಗಿ ಬಳಸಿಕೊಂಡರು. ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಲಸಿಕೆಯ ಮೇಲೆ ಆ ಸೀಮೆಯ ಮೌಲ್ವಿಗಳಿಗೆ ಗುಮಾನಿ ಮೊದಲೂ ಇತ್ತು. ಮಕ್ಕಳಾಗದಂತೆ ಮಾಡುವ ಮದ್ದು, ಪಶ್ಚಿಮದ ಪಿತೂರಿ ಎಂದೆಲ್ಲ ಹಬ್ಬಿಸಿದ್ದರು. ಅಂಥ ಸುಳ್ಳಿಗೆ ಸಿಐಎ ತಾನೇ ಮುಂದೆ ಬಂದು ಸಾಕ್ಷಿ ನುಡಿಯಿತು. 2012ರ ಜೂನ್‌ನಲ್ಲಿ ಉತ್ತರ ವಜೀರಿಸ್ತಾನದ ತಾಲಿಬಾನ್ ಕಮಾಂಡರ್, ಡ್ರೋನ್ ದಾಳಿ ನಿಲ್ಲುವವರೆಗೆ ಪೋಲಿಯೊ ಹನಿ ಹಾಕಕೂಡದೆಂದು ಅಪ್ಪಣೆ ಹೊರಡಿಸಿದ. ಅದೇ ಡಿಸೆಂಬರ್‌ನಲ್ಲಿ ಕರಾಚಿ, ಪೇಶಾವರ ಸುತ್ತಮುತ್ತ ಮೂರೇ ದಿನದಲ್ಲಿ ಒಂಬತ್ತು ಮಂದಿ ಪೋಲಿಯೊ ಕಾರ್ಯಕರ್ತರನ್ನು ಗುಂಡಿಟ್ಟು ಕೊಂದರು. ಹೆಚ್ಚಿನವರು ಹೆಂಗಸರು. ಕೆಲವರು ಇನ್ನೂ ಹದಿಹರೆಯದವರು. ಕೈಯಲ್ಲಿ ಇದ್ದದ್ದು ಅದೇ ಡಬ್ಬಿ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಪಡೆಯಿತು. ಅದೇ ವರ್ಷ ಪಾಕಿಸ್ತಾನದಲ್ಲಿ 306 ಮಕ್ಕಳ ಕಾಲು ಕಸಿದುಕೊಂಡಿತು ಪೋಲಿಯೊ. ಲಸಿಕೆಯ ಹೆಸರಲ್ಲಿ ಇನ್ನುಮುಂದೆ ಬೇಹುಗಾರಿಕೆ ಮಾಡುವುದಿಲ್ಲ ಎಂದು ಶ್ವೇತಭವನ ಮಾತು ಕೊಟ್ಟದ್ದೂ ಆ ವರ್ಷವೇ. ಮೂರು ವರ್ಷ ತಡವಾಗಿ.

ಲಾಡೆನ್ ಕಥೆಯ ಮೇಲೆ ಸಿನಿಮಾ ಬಂತು, ಪುಸ್ತಕಗಳು ಬಂದವು, ಗುಂಡು ಹೊಡೆದ ಯೋಧರು ಟಿವಿಯಲ್ಲಿ ಕೂತು ಅನುಭವ ಹೇಳಿದರು. ಡಬ್ಬಿ ಹೊತ್ತು ಸತ್ತ ಹೆಂಗಸರ ಪೈಕಿ ಒಬ್ಬಳ ಹೆಸರಾದರೂ ನಮ್ಮ ಪೈಕಿ ಯಾರಿಗಾದರೂ ನೆನಪಿದೆಯೇ?

ಇಂಥ ಹೊತ್ತಿನಲ್ಲಿ ರಕ್ತಬೀಜಾಸುರನ ಕಥೆ ಎತ್ತುವುದು ನಮ್ಮಲ್ಲಿ ವಾಡಿಕೆ. ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಇನ್ನೊಬ್ಬ ರಾಕ್ಷಸ ಎದ್ದು ನಿಲ್ಲುತ್ತಾನೆ ಅನ್ನುತ್ತಾರೆ. ನನಗೆ ಆ ಹೋಲಿಕೆ ಬೇಡ. ಆ ಕಥೆಯಲ್ಲಿ ರಕ್ತ ತಾನಾಗಿ ಮೊಳೆಯುತ್ತದೆ, ಬಿತ್ತಿದವನು ಯಾರೆಂದು ಕೇಳುವಂತಿಲ್ಲ. ಇಲ್ಲಿ ಬಿತ್ತಿದವರಿದ್ದಾರೆ. ಅವರ ಬಳಿ ಬಜೆಟ್ ಇತ್ತು, ಕಚೇರಿ ಇತ್ತು, ಅಚ್ಚುಕೂಟವೂ ಇತ್ತು.

ಅಚ್ಚುಕೂಟ ಅಂದದ್ದು ಸುಮ್ಮನೆ ಅಲ್ಲ. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಅದನ್ನು ಅಲ್ಲೇ ಹೂತುಹಾಕಬೇಕೆಂದು ಅಮೆರಿಕ ಕೋಟಿಗಟ್ಟಲೆ ಡಾಲರ್ ಸುರಿಯಿತು, ಸೌದಿಯೂ ಸುರಿಯಿತು. ಹಣ, ಬಂದೂಕು ಎರಡೂ ಪಾಕಿಸ್ತಾನದ ಐಎಸ್‌ಐ ಕೈಯಿಂದ ಹಂಚಿಕೆಯಾದವು. ಇದೆಲ್ಲ ಗೊತ್ತಿರುವ ಕಥೆ. ಕಡಿಮೆ ಗೊತ್ತಿರುವುದು ಶಾಲಾ ಪುಸ್ತಕದ ಕಥೆ. ಅಮೆರಿಕ ಸರ್ಕಾರದ ನೆರವು ಸಂಸ್ಥೆಯ ದುಡ್ಡಿನಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದವರು ಅಫ್ಘನ್ ಮಕ್ಕಳಿಗಾಗಿ ಪಶ್ತೊ ಮತ್ತು ದರಿ ಭಾಷೆಯಲ್ಲಿ ಪಠ್ಯಪುಸ್ತಕ ತಯಾರಿಸಿಕೊಟ್ಟರು. ನಮ್ಮ ಮಕ್ಕಳು ಮಾವಿನಹಣ್ಣು, ಗೋಲಿ, ಬಳಪ ಎಣಿಸಿ ಒಂದು ಎರಡು ಕಲಿಯುತ್ತಾರೆ. ಆ ಪುಸ್ತಕಗಳಲ್ಲಿ ಮಕ್ಕಳು ಗುಂಡು, ಬಂದೂಕು, ಟ್ಯಾಂಕು ಎಣಿಸಿ ಕಲಿತರು. ಮೇಲಿನ ತರಗತಿಯ ಒಂದು ಲೆಕ್ಕ ಹೀಗಿತ್ತು: ಕಲಾಶ್ನಿಕೋವ್ ಗುಂಡಿನ ವೇಗ ಕೊಟ್ಟಿದ್ದಾರೆ, ರಷ್ಯನ್ ಸೈನಿಕ ನಿಂತಿರುವ ದೂರ ಕೊಟ್ಟಿದ್ದಾರೆ, ಗುರಿ ಅವನ ಹಣೆಗೆ. ಗುಂಡು ತಗುಲಲು ಎಷ್ಟು ಸೆಕೆಂಡು ಬೇಕು ಎಂದು ಮಗು ಉತ್ತರ ಬರೆಯಬೇಕು. ಒಂಬತ್ತು ಹತ್ತು ವರ್ಷದ ಕೂಸು, ಸ್ಲೇಟು ತೊಡೆಯ ಮೇಲಿಟ್ಟುಕೊಂಡು, ನಾಲಿಗೆ ತುದಿ ಕಚ್ಚಿಕೊಂಡು, ಒಬ್ಬ ಮನುಷ್ಯನ ಹಣೆ ಸೀಳುವ ಹೊತ್ತನ್ನು ಭಾಗಾಕಾರ ಮಾಡುತ್ತದೆ.

ತಾಲಿಬಾನ್ ಅಧಿಕಾರಕ್ಕೆ ಬಂದಾಗ ಅದೇ ಪುಸ್ತಕಗಳನ್ನು ಮುಂದುವರಿಸಿತು. ಚಿತ್ರಗಳಲ್ಲಿದ್ದ ಮನುಷ್ಯರ ಮುಖ ಧರ್ಮಕ್ಕೆ ವಿರುದ್ಧವೆಂದು ಮುಖಗಳನ್ನಷ್ಟೇ ಅಳಿಸಿತು. ಬಂದೂಕುಗಳು ಹಾಗೇ ಉಳಿದವು. ಹೀಗೆ ಲೆಕ್ಕ ಕಲಿತ ಒಂದಿಡೀ ತಲೆಮಾರು ಬೆಳೆದು ನಿಂತಿರುವಾಗ ಯಾರೋ ಬಂದು ನಾಯಕನ ತಲೆ ಉರುಳಿಸಿ, ಮುಗಿಯಿತು ಅನ್ನುತ್ತಾರೆ. ತಾಲಿಬಾನ್ ನಾಯಕ ಮುಲ್ಲಾ ಒಮರ್‌ನನ್ನು ನೋಡಿ. ಅವನು ಸತ್ತದ್ದು 2013ರಲ್ಲಿ. ಹೊರಗೆ ಗೊತ್ತಾದದ್ದು 2015ರ ಜುಲೈನಲ್ಲಿ. ಆ ಎರಡು ವರ್ಷ ಅವನ ಹೆಸರಿನಲ್ಲಿ ಈದ್ ಸಂದೇಶಗಳು ಬರುತ್ತಿದ್ದವು, ಯುದ್ಧ ನಡೆಯುತ್ತಿತ್ತು, ಹಳ್ಳಿಗಳು ಉರಿಯುತ್ತಿದ್ದವು. ನಾಯಕ ಇಲ್ಲವೆಂಬುದು ಯುದ್ಧಕ್ಕೆ ಗೊತ್ತೇ ಆಗಲಿಲ್ಲ. ಅವನ ನಂತರ ಬಂದ ಮುಲ್ಲಾ ಮನ್ಸೂರ್‌ನನ್ನು 2016ರಲ್ಲಿ ಡ್ರೋನ್ ಕೊಂದಿತು. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲಿನ ಅರಮನೆಯ ಮೇಜಿಗೆ ಬಂದು ಕೂತಿತು.

ಇರಾಕಿನ ಕಥೆ ಇನ್ನೂ ಕಟುವಾದದ್ದು. 2006ರ ಜೂನ್‌ನಲ್ಲಿ ಅಲ್ಲಿನ ಅಲ್ ಖೈದಾ ಮುಖಂಡ ಅಬು ಮುಸಬ್ ಅಲ್ ಜರ್ಕಾವಿಯನ್ನು ಕೊಂದು, ಅವನ ಹೆಣದ ಮುಖಕ್ಕೆ ಚೌಕಟ್ಟು ಹಾಕಿಸಿ ಪತ್ರಿಕಾಗೋಷ್ಠಿಯಲ್ಲಿ ನಿಲ್ಲಿಸಿದರು. ನಾಲ್ಕೇ ತಿಂಗಳಲ್ಲಿ ಅವನ ಸಂಘಟನೆ ಹೊಸ ಹೆಸರಿಟ್ಟುಕೊಂಡಿತು. 2010ರಲ್ಲಿ ಮತ್ತಿಬ್ಬರು ಮುಖ್ಯಸ್ಥರನ್ನು ಕೊಂದರು. ಆ ಖಾಲಿ ಕುರ್ಚಿಗೆ ಬಂದವನು ಅಬು ಬಕರ್ ಅಲ್ ಬಾಗ್ದಾದಿ. 2004ರಲ್ಲಿ ಅಮೆರಿಕನ್ನರೇ ಬುಕ್ಕಾ ಶಿಬಿರದಲ್ಲಿ ಕೂಡಿಹಾಕಿ, ಬಿಟ್ಟು ಕಳಿಸಿದ್ದ ಮನುಷ್ಯ. ಕೊಂದ ಪ್ರತಿ ಸಲವೂ ಮುಂದೆ ಬಂದವನು ಹಿಂದಿನವನಿಗಿಂತ ಕ್ರೂರಿ. ಸಿಂಜಾರ್ ಬೆಟ್ಟದ ಯಜೀದಿ ಹೆಣ್ಣುಮಕ್ಕಳನ್ನು ಸಂತೆಯಲ್ಲಿ ಮಾರಿದ್ದು ಅವನ ಕಾಲದಲ್ಲಿ.

2019ರ ಮಾರ್ಚ್‌ನಲ್ಲಿ ಸಿರಿಯಾದ ಬಾಗೂಜ್ ಎಂಬ ಹಳ್ಳಿ ಬಿತ್ತು. ಬಾಗ್ದಾದಿಯ ಐಸಿಸ್ ಕೈಯಲ್ಲಿದ್ದ ಕೊನೆಯ ತುಂಡು ನೆಲ. ಮತ್ತೆ ‘ಮುಗೀತು’ ಎಂಬ ಘೋಷಣೆ. ಒಂದೇ ತಿಂಗಳು. ಏಪ್ರಿಲ್ 21, ಈಸ್ಟರ್ ಭಾನುವಾರ, ಕೊಲಂಬೊ. ಇಲ್ಲಿ ಲೋಕಸಭೆಯ ಮತದಾನ ಮುಗಿಸಿ, ಓಡಾಡಿ ದಣಿದ ಮೈಗೆ ನಾಲ್ಕು ದಿನ ವಿಶ್ರಾಂತಿಯೆಂದು ಹೋಗಿದ್ದ ನಮ್ಮ ನೆಲಮಂಗಲ, ತುಮಕೂರು ಕಡೆಯ ಪಕ್ಷದ ಕಾರ್ಯಕರ್ತರು ಶಾಂಗ್ರಿ-ಲಾ ಹೋಟೆಲಿನಲ್ಲಿ ಇಳಿದುಕೊಂಡಿದ್ದರು. ಬೆಳಗಿನ ತಿಂಡಿಯ ಹೊತ್ತಿಗೆ ಸ್ಫೋಟವಾಯಿತು. ಹೋದವರು ಪೆಟ್ಟಿಗೆಯಲ್ಲಿ ಊರಿಗೆ ಬಂದರು. ಆ ದಿನ ಚರ್ಚುಗಳಲ್ಲಿ, ಹೋಟೆಲುಗಳಲ್ಲಿ ಸತ್ತವರು ಇನ್ನೂರೈವತ್ತಕ್ಕೂ ಹೆಚ್ಚು. ಶಾಂಗ್ರಿ-ಲಾದ ಊಟದ ಕೋಣೆಗೆ ಬಾಂಬು ಕಟ್ಟಿಕೊಂಡು ಬಂದವರಲ್ಲಿ ಒಬ್ಬ ದಾಳಿ ನಡೆಸಿದ ಗುಂಪಿನ ಮುಖಂಡ ಜಹ್ರಾನ್ ಹಾಶಿಮ್. ನಾಯಕನನ್ನು ಕೊಂದರೆ ಭಯೋತ್ಪಾದನೆ ಮುಗಿಯುತ್ತದೆ ಅನ್ನುವವರೇ, ಇದಕ್ಕೆ ಉತ್ತರ ಹೇಳಿ. ಇಲ್ಲಿ ನಾಯಕ ತನ್ನನ್ನು ತಾನೇ ಕೊಂದುಕೊಂಡ, ಕೊಂದುಕೊಳ್ಳುವುದೇ ಅವನ ಆಯುಧವಾಗಿತ್ತು. ಆ ಜೀವಗಳನ್ನು ಉಳಿಸಬಹುದಾಗಿದ್ದದ್ದು ಒಂದು ಕಾಗದ. ದಾಳಿಯಾಗುತ್ತದೆಂದು ಭಾರತದ ಗುಪ್ತಚರರು ಎರಡು ವಾರ ಮೊದಲೇ ಎಚ್ಚರಿಕೆ ಕಳಿಸಿದ್ದರು. ಅಲ್ಲಿನ ಅಧ್ಯಕ್ಷ, ಪ್ರಧಾನಿ ಇಬ್ಬರೂ ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡಿದ್ದ ಸರ್ಕಾರದಲ್ಲಿ ಆ ಕಾಗದದ ಮೇಲೆ ಯಾರೂ ಕ್ರಮ ಕೈಗೊಳ್ಳಲಿಲ್ಲ. 2023ರಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟು ಮಾಜಿ ಅಧ್ಯಕ್ಷ ಸಿರಿಸೇನರಿಗೇ ಹತ್ತು ಕೋಟಿ ರೂಪಾಯಿ ಪರಿಹಾರ ಕಟ್ಟುವಂತೆ ಹೇಳಿತು.

ಶ್ರೀಲಂಕಾ ಎಂದ ಕೂಡಲೇ ಪ್ರಭಾಕರನ್ ಹೆಸರು ಬರುತ್ತದೆ. ಅವನನ್ನು ಕೊಂದ ಮೇಲೆ ತಮಿಳು ಹುಲಿಗಳ ಕಥೆ ಮುಗಿಯಲಿಲ್ಲವೇ ಎಂದು ನನ್ನನ್ನು ಕೇಳುತ್ತಾರೆ. ಮುಗಿಯಿತು. ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ 2009ರ ಮೇ ತಿಂಗಳಲ್ಲಿ ನಂದಿಕಡಲ್ ಹಿನ್ನೀರಿನ ದಂಡೆಯಲ್ಲಿ ಬಿದ್ದದ್ದು ಒಂದೇ ಹೆಣವಲ್ಲ. ಆ ಕೊನೆಯ ತಿಂಗಳುಗಳಲ್ಲಿ 40,000 ನಾಗರಿಕರವರೆಗೂ ಸತ್ತಿರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿಯೇ ಬರೆಯಿತು. ಜನರನ್ನು ಗುರಾಣಿ ಮಾಡಿಕೊಂಡ ಪಾಪ ಹುಲಿಗಳದ್ದು, ಆಸ್ಪತ್ರೆಗಳ ಮೇಲೆ ಶೆಲ್ ಹಾಕಿದ ಪಾಪ ಸರ್ಕಾರದ್ದು. 2017ರಲ್ಲಿ ಕಿಲಿನೊಚ್ಚಿಯ ರಸ್ತೆಬದಿಯಲ್ಲಿ ತಮಿಳು ತಾಯಂದಿರು ಮಕ್ಕಳ ಫೋಟೋ ಎದೆಗವಚಿಕೊಂಡು ಧರಣಿ ಕೂತರು. ಸೈನ್ಯದ ಕೈಗೆ ಒಪ್ಪಿಸಿದ ಮಗ ಎಲ್ಲಿ ಎಂಬ ಒಂದೇ ಪ್ರಶ್ನೆ ಅವರದು. ವರ್ಷಗಟ್ಟಲೆ ಕೂತರು. ಕೆಲವರು ಆ ಫೋಟೋ ಹಿಡಿದೇ ಸತ್ತರು.

ಒಬ್ಬ ನಾಯಕನನ್ನು ಹಿಡಿದು ನಿಜಕ್ಕೂ ಒಂದು ಹಿಂಸೆಯ ಬೆನ್ನು ಮುರಿದ ಉದಾಹರಣೆ ಬೇಕಿದ್ದರೆ ಪೆರುವಿಗೆ ಹೋಗಿ. 1992ರ ಸೆಪ್ಟೆಂಬರ್ 12ರಂದು, ಲೀಮಾದಲ್ಲಿ, ನೃತ್ಯ ಶಾಲೆಯೊಂದರ ಮೇಲಿನ ಮಹಡಿಯಲ್ಲಿ ‘ಶೈನಿಂಗ್ ಪಾತ್’ ಎಂಬ ಬಂಡುಕೋರ ಸಂಘಟನೆಯ ನಾಯಕ ಅಬಿಮಾಯೆಲ್ ಗುಜ್ಮಾನ್‌ನನ್ನು ಒಂದು ಗುಂಡೂ ಹಾರಿಸದೆ ಹಿಡಿದರು. ಪೊಲೀಸರ ಒಂದು ಪುಟ್ಟ ತಂಡ ಆ ಮನೆಯ ಕಸದ ಚೀಲ ಬಿಚ್ಚಿ, ಚರ್ಮರೋಗದ ಮುಲಾಮಿನ ಖಾಲಿ ಟ್ಯೂಬು, ಸಿಗರೇಟಿನ ತುಂಡು ಹೆಕ್ಕಿ, ತಾಳ್ಮೆಯಿಂದ ಅವನ ಬಾಗಿಲಿಗೆ ಬಂದಿತ್ತು. ದೇವರೆಂದು ನಂಬಿದ್ದವನು ಕೈದಿಯಾಗಿ ನಿಂತದ್ದನ್ನು ಹಿಂಬಾಲಕರು ಕಣ್ಣಾರೆ ಕಂಡರು. ಸೆರೆಮನೆಯಿಂದಲೇ ಅವನು ಸಂಧಾನದ ಮಾತಾಡಿದ. ಅವನ ಬಣ ಸೀಳಿಹೋಯಿತು. ಹುತಾತ್ಮನಾಗುವ ಸುಖವನ್ನು ಅವನಿಗೆ ಯಾರೂ ಕೊಡಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಮೇಲೆ ಜೈಲಿನಲ್ಲೇ ಮುದುಕನಾಗಿ ಸತ್ತ. ಅಷ್ಟರ ಹೊತ್ತಿಗೆ ಆ ದೇಶದ ಸತ್ಯಶೋಧನಾ ಆಯೋಗ ಸುಮಾರು 69,000 ಸಾವುಗಳ ಲೆಕ್ಕ ಹಾಕಿ, ಬೆಟ್ಟಸೀಮೆಯ ಬಡ ಮೂಲನಿವಾಸಿಗಳ ಗೋಳನ್ನು, ಸೈನ್ಯದ ಅತ್ಯಾಚಾರಗಳನ್ನೂ ಸೇರಿಸಿ, ಎಲ್ಲರೆದುರು ಓದಿತ್ತು.

ಅಬೋಟಾಬಾದಿನಲ್ಲಿ ಹಾಗಾಗಲಿಲ್ಲ. ಗುಂಡು ತಗುಲಿದಾಗ ಲಾಡೆನ್ ಕೈಯಲ್ಲಿ ಆಯುಧವಿರಲಿಲ್ಲ ಎಂದು ಅಮೆರಿಕವೇ ಒಪ್ಪಿಕೊಂಡಿತು. ಅವನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದರೆ ಕೇಳಬೇಕಾದ ಪ್ರಶ್ನೆಗಳೆಷ್ಟಿದ್ದವು! ಎಂಬತ್ತರ ದಶಕದಲ್ಲಿ ನಿನಗೆ ಬೆನ್ನು ತಟ್ಟಿದವರು ಯಾರು? ಪಾಕಿಸ್ತಾನದ ಮಿಲಿಟರಿ ಅಕಾಡೆಮಿಗೆ ನಡೆದುಹೋಗುವಷ್ಟು ದೂರದಲ್ಲಿ ನಿನಗೆ ಮನೆ ಕಟ್ಟಲು ಬಿಟ್ಟವರು ಯಾರು? ಹೆಣ ಅರಬ್ಬೀ ಸಮುದ್ರದ ಪಾಲಾಯಿತು. ಮನೆಯನ್ನು 2012ರ ಫೆಬ್ರವರಿಯಲ್ಲಿ ಪಾಕಿಸ್ತಾನ ಕೆಡವಿತು. ವಿಚಾರಣಾ ಆಯೋಗದ ವರದಿಯನ್ನು ಸರ್ಕಾರ ಬೀರುವಿನಲ್ಲಿಟ್ಟಿತು, ಸೋರಿಕೆಯಾದದ್ದರಿಂದಷ್ಟೇ ಜಗತ್ತು ಓದಿತು. ಸೆಪ್ಟೆಂಬರ್ 11ರ ಸಂಚು ಹೂಡಿ ಜೀವಂತ ಸಿಕ್ಕ ಖಾಲಿದ್ ಶೇಖ್ ಮೊಹಮ್ಮದ್‌ನನ್ನಾದರೂ ವಿಚಾರಣೆ ಮಾಡಿದರೇ? 2003ರಲ್ಲಿ ಹಿಡಿದು, ನೀರಿನಲ್ಲಿ ಉಸಿರುಗಟ್ಟಿಸುವ ಚಿತ್ರಹಿಂಸೆಯನ್ನು 183 ಸಲ ಕೊಟ್ಟರು. ಆ ಹಿಂಸೆಯೇ ಮೊಕದ್ದಮೆಗೆ ಉರುಳಾಯಿತು. ಇಪ್ಪತ್ತು ವರ್ಷ ದಾಟಿದರೂ ಗ್ವಾಂಟನಾಮೊದಲ್ಲಿ ತೀರ್ಪಿಲ್ಲ. ಅವಳಿ ಗೋಪುರದಲ್ಲಿ ಮಗನನ್ನು ಕಳೆದುಕೊಂಡ ಎಷ್ಟೋ ತಾಯಂದಿರು ಒಂದು ತೀರ್ಪನ್ನು ಕೇಳದೆ ಕಣ್ಣುಮುಚ್ಚಿದರು. ಅವರಿಗೆ ಮೋಸ ಮಾಡಿದ್ದು ಅವರದೇ ಸರ್ಕಾರ.

ದೂರದ ಊರಿನ ಮಾತಾಯಿತು ಅನ್ನಬೇಡಿ. 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರಿನ ಕಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್‌ರನ್ನು ಪೊಲೀಸರು ಕೊಂದಾಗಲೂ ನಕ್ಸಲ್ ಕಥೆ ಮುಗಿಯಿತೆಂದು ಬರೆದವರಿದ್ದರು. ನಾಲ್ಕೈದು ದಿನಗಳಲ್ಲೇ ಪಾವಗಡದ ವೆಂಕಟಮ್ಮನಹಳ್ಳಿಯ ಕೆಎಸ್ಆರ್‌ಪಿ ಶಿಬಿರದ ಮೇಲೆ ದಾಳಿಯಾಯಿತು. ಹಲವು ಜೀವ ಹೋದವು, ಹೆಚ್ಚಿನವರು ಸಣ್ಣ ಸಂಬಳದ ಪೇದೆಗಳು. ಕುದುರೆಮುಖದ ರಾಷ್ಟ್ರೀಯ ಉದ್ಯಾನದಿಂದ ಎತ್ತಂಗಡಿಯಾಗುವ ಭಯದಲ್ಲಿ ಬದುಕುತ್ತಿದ್ದ ಆದಿವಾಸಿಗಳ ಪ್ರಶ್ನೆ ಎಲ್ಲಿತ್ತೋ ಅಲ್ಲೇ ಇತ್ತು. ಇಪ್ಪತ್ತು ವರ್ಷದ ಮೇಲೆ, 2025ರ ಜನವರಿಯಲ್ಲಿ, ಆರು ಮಂದಿ ಕಾಡಿನಿಂದ ಹೊರಬಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಅವರನ್ನು ಕರೆತಂದದ್ದು ನಡುವೆ ನಿಂತು ಮಾತಾಡಿದ ನಾಗರಿಕರು.

ಕೊಲ್ಲುವ ಕೈ ಗುರಿ ತಪ್ಪಿದ್ದೂ ಉಂಟು. 2021ರ ಆಗಸ್ಟ್ 29. ಅಮೆರಿಕ ಕಾಬೂಲ್ ಬಿಟ್ಟು ಹೊರಡುವ ಹಿಂದಿನ ದಿನ. ಒಬ್ಬ ಮನುಷ್ಯ ಬಿಳಿ ಟೊಯೊಟಾ ಕಾರಿನಲ್ಲಿ ನೀರಿನ ಕ್ಯಾನು ತುಂಬಿಕೊಂಡು ಮನೆಗೆ ಬಂದ. ಹಸಿದವರಿಗೆ ಅನ್ನ ಹಂಚುವ ಒಂದು ನೆರವು ಸಂಸ್ಥೆಯಲ್ಲಿ ಅವನಿಗೆ ಕೆಲಸ. ಕಾರು ಅಂಗಳಕ್ಕೆ ಬಂದಾಗ ಮನೆಯ ಮಕ್ಕಳು ಓಡಿಬಂದರು. ಆಕಾಶದಿಂದ ನೋಡುತ್ತಿದ್ದ ಅಮೆರಿಕನ್ನರಿಗೆ ನೀರಿನ ಕ್ಯಾನು ಬಾಂಬಿನಂತೆ ಕಂಡಿತು. ಕ್ಷಿಪಣಿ ಬಿಟ್ಟರು. ಹತ್ತು ಜನ ಸತ್ತರು, ಅವರಲ್ಲಿ ಏಳು ಮಕ್ಕಳು. ಮೊದಲು ಅದನ್ನು ಸರಿಯಾದ ದಾಳಿ ಎಂದರು. ಪತ್ರಕರ್ತರು ಬೆನ್ನುಹತ್ತಿದ ಮೇಲೆ, ತಪ್ಪಾಯಿತು ಎಂದರು. ಒಬ್ಬ ಅಧಿಕಾರಿಗೂ ಶಿಕ್ಷೆಯಾಗಲಿಲ್ಲ. ಒಬ್ಬ ಭಯೋತ್ಪಾದಕನನ್ನು ಕೊಂದರೆ ರಾಷ್ಟ್ರಾಧ್ಯಕ್ಷರೇ ಕ್ಯಾಮೆರಾ ಮುಂದೆ ಬಂದು ಹೇಳುತ್ತಾರೆ. ಏಳು ಮಕ್ಕಳನ್ನು ಕೊಂದಾಗ ಆ ಕ್ಯಾಮೆರಾ ಮುಂದೆ ಅವರು ಬರುವುದಿಲ್ಲ. ನನ್ನ ಸಿಟ್ಟಿನ ಬುಡ ಇಲ್ಲಿದೆ.

ಮತ್ತೆ ಆ ಡಬ್ಬಿಯ ಹತ್ತಿರ ಬರುತ್ತೇನೆ. ಕಾಡು ಪೋಲಿಯೊ ವೈರಸ್ಸು ಇನ್ನೂ ಬೇರೂರಿ ಉಳಿದಿರುವ ದೇಶಗಳು ಜಗತ್ತಿನಲ್ಲಿ ಎರಡೇ, ಅಫ್ಘಾನಿಸ್ತಾನ ಮತ್ತು ಪಾಕಿಸ್ತಾನ. ಲಾಡೆನ್ ಸತ್ತು ಹದಿಮೂರು ವರ್ಷವಾದ ಮೇಲೂ, 2024ರಲ್ಲಿ, ಪಾಕಿಸ್ತಾನದಲ್ಲಿ 74 ಮಕ್ಕಳಿಗೆ ಪೋಲಿಯೊ ತಗುಲಿತು. ಖೈಬರಿನ ಹಳ್ಳಿಗಳಲ್ಲಿ ಇವತ್ತಿಗೂ ಡಬ್ಬಿ ಹೆಗಲಿಗೇರಿಸಿ ಬಾಗಿಲು ತಟ್ಟಲು ಹೊರಟ ಹೆಂಗಸಿನ ಜೊತೆ ಬಂದೂಕು ಹಿಡಿದ ಪೊಲೀಸ್ ಪೇದೆ ಹೋಗುತ್ತಾನೆ. ಕೆಲವು ದಿನ ಇಬ್ಬರಲ್ಲಿ ಒಬ್ಬರು ಮನೆಗೆ ಮರಳುವುದಿಲ್ಲ.